ಕಣ್ಣೊಳಗಿನ ನೀರಿಗೂ ದಾರಿ ಬೇಕು



ವಿಜಯಪುರದ ಸ್ಟೇಷನ್ ರಸ್ತೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ತಿಕೋಟಾ, ಬಬಲೇಶ್ವರ ಕಡೆಯಿಂದ ಗೋಲಗುಮ್ಮಟ ನೋಡಲು ಬಂದವರೂ ಆ ರಸ್ತೆಯಲ್ಲಿ ನಡೆದಿರುತ್ತೀರಿ. ನಾನು ಆರನೆಯ ತರಗತಿಯಲ್ಲಿದ್ದಾಗ ಅಜ್ಜನ ಜೊತೆ ಅಲ್ಲಿ ಹೋಗುತ್ತಿದ್ದೆ. ಆಗ ಟಾಂಗಾಗಳ ಓಡಾಟ ಹೆಚ್ಚು. ಅಜ್ಜ ದೂರದ ಗುಮ್ಮಟವನ್ನು ನೋಡುತ್ತಿದ್ದರು, ಅಂಗಡಿಯ ಬೋರ್ಡುಗಳನ್ನು ಓದುತ್ತಿದ್ದರು. ಆದರೆ ಎಡಪಕ್ಕದಿಂದ ಬರುವ ಟಾಂಗಾ ಮಾತ್ರ ಅವರಿಗೆ ಕಾಣುತ್ತಿರಲಿಲ್ಲ. ಎರಡು ಸಲ ನಾನೇ ಅವರ ಕೈ ಹಿಡಿದು ಎಳೆದಿದ್ದೆ.

“ಅಜ್ಜಾ, ಡಾಕ್ಟರಿಗೆ ತೋರಸೂಣು” ಎಂದರೆ, “ವಯಸ್ಸಾತು, ಪೊರೆ ಬಂದಿರಬೇಕು. ಬಲೀಲಿ, ಆಮ್ಯಾಲೆ ತೆಗಿಸಿದ್ರಾತು” ಎನ್ನುತ್ತಿದ್ದರು.

ಒಂದು ವರ್ಷ ಹೀಗೇ ಕಳೆಯಿತು. ಕೊನೆಗೆ ಕಣ್ಣಿನ ವೈದ್ಯರು ಪರೀಕ್ಷೆ ಮಾಡಿ, “ಇದು ಪೊರೆಯಲ್ಲ, ಗ್ಲಾಕೋಮಾ” ಎಂದರು. ಅಷ್ಟರಲ್ಲಿ ಅಜ್ಜನ ಎಡಗಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು.

ಏನಿದು ಗ್ಲಾಕೋಮಾ? ನೋವಿಲ್ಲದೆ, ಕಣ್ಣು ಕೆಂಪಾಗದೆ ದೃಷ್ಟಿ ಹೋಗುವುದು ಹೇಗೆ? ತಿಳಿಯೋಣ ಬನ್ನಿ.

ಇದು ಕಣ್ಣೀರಲ್ಲ

ಅತ್ತಾಗ ಬರುವ ಕಣ್ಣೀರು ಕಣ್ಣಿನ ಹೊರಗಿನ ನೀರು. ಕಣ್ಣುಗುಡ್ಡೆಯ ಒಳಗೆ ಬೇರೆಯೇ ಒಂದು ತಿಳಿನೀರಿದೆ. ಅದರ ಹೆಸರು ಜಲರಸ. ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾದಲ್ಲಿ ಮತ್ತು ಒಳಗಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕಿಗೆ ಅಡ್ಡಿಯಾಗುತ್ತಿತ್ತು. ಹಾಗಾದರೆ ಅವುಗಳಿಗೆ ಆಹಾರ ಒದಗಿಸುವವರು ಯಾರು? ಈ ಜಲರಸವೇ. ಅದು ಪೋಷಕಾಂಶಗಳನ್ನು ತಂದುಕೊಡುತ್ತದೆ, ಕಲ್ಮಶವನ್ನು ಹೊತ್ತೊಯ್ಯುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ ಕಣ್ಣು ತನ್ನ ಆಕಾರ ಉಳಿಸಿಕೊಳ್ಳುವುದೂ ಇದರ ಒತ್ತಡದಿಂದಲೇ.

ಕಣ್ಣಿನ ಬಣ್ಣದ ಭಾಗಕ್ಕೆ ಐರಿಸ್ ಎನ್ನುತ್ತಾರೆ. ಅದರ ಹಿಂದಿರುವ ಸಿಲಿಯರಿ ಭಾಗದಲ್ಲಿ ಜಲರಸ ಹುಟ್ಟುತ್ತದೆ. ಅಲ್ಲಿಂದ ಪಾಪೆಯ ಮೂಲಕ ಮುಂದಿನ ಕೋಣೆಗೆ ಬರುತ್ತದೆ. ಕಾರ್ನಿಯಾ ಮತ್ತು ಐರಿಸ್ ಸೇರುವ ಮೂಲೆಯಲ್ಲಿ ಜರಡಿಯಂತಹ ಜಾಲವಿದೆ. ನೀರು ಆ ಜರಡಿಯಲ್ಲಿ ಸೋಸಿ, ಸುತ್ತಲೂ ಇರುವ ಒಂದು ಸಣ್ಣ ಕಾಲುವೆಗೆ ಇಳಿದು, ಅಲ್ಲಿಂದ ರಕ್ತನಾಳಗಳನ್ನು ಸೇರುತ್ತದೆ. 1830ರಲ್ಲಿ ಈ ಕಾಲುವೆಯನ್ನು ವಿವರಿಸಿದವರು ಜರ್ಮನಿಯ ವಿಜ್ಞಾನಿ ಫ್ರೀಡ್ರಿಕ್ ಷ್ಲೆಮ್. ಆದ್ದರಿಂದ ಅದಕ್ಕೆ ಷ್ಲೆಮ್ ಕಾಲುವೆ ಎಂದೇ ಹೆಸರು.

ಎಷ್ಟು ನೀರು ಹರಿಯುತ್ತದೆ? ಎಚ್ಚರವಿರುವಾಗ ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್. ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗವೇ ಮೈಕ್ರೋಲೀಟರ್. ಇದೇ ವೇಗದಲ್ಲಿ 24 ಗಂಟೆ ಹರಿದರೆ 2.5 × 60 × 24 = 3600 ಮೈಕ್ರೋಲೀಟರ್, ಅಂದರೆ 3.6 ಮಿ.ಲೀ. ನಿದ್ದೆಯಲ್ಲಿ ಹರಿವು ಇಳಿಯುವುದರಿಂದ ನಿಜವಾದ ಮೊತ್ತ ಇನ್ನೂ ಕಡಿಮೆ. ಒಂದು ಚಹಾ ಚಮಚವೂ ತುಂಬದಷ್ಟು ನೀರು! ಆದರೆ ಅಷ್ಟು ನೀರಿಗೂ ಹೊರಹೋಗುವ ದಾರಿ ಬೇಕು.

ಮಾಡಿ ನೋಡಿ

ಖಾಲಿ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಹಿರಿಯರಿಂದ ಕತ್ತರಿಸಿಕೊಳ್ಳಿ. ತಳದ ಹತ್ತಿರ ಸಣ್ಣ ತೂತು ಮಾಡಿಸಿ. ಮೇಲಿನಿಂದ ಸಣ್ಣ ಧಾರೆಯಾಗಿ ನೀರು ಹಾಕುತ್ತಿರಿ. ಬರುವಷ್ಟೇ ನೀರು ಹೋಗುತ್ತಿದ್ದರೆ ಮಟ್ಟ ಒಂದೇ ಕಡೆ ನಿಲ್ಲುತ್ತದೆ. ಈಗ ತೂತಿಗೆ ಸ್ವಲ್ಪ ಹತ್ತಿ ತುರುಕಿ, ಅದೇ ಧಾರೆಯಲ್ಲಿ ನೀರು ಹಾಕಿ. ಮಟ್ಟ ಏರುತ್ತಾ ಹೋಗುತ್ತದೆ.

ಬಾಟಲಿಯ ಬಾಯಿ ತೆರೆದಿದೆ. ಹೆಚ್ಚಾದ ನೀರು ಮೇಲಿನಿಂದ ಚೆಲ್ಲಿಹೋಗುತ್ತದೆ. ಕಣ್ಣು ಮುಚ್ಚಿದ ಚೆಂಡಿನಂತೆ. ಅಲ್ಲಿ ನೀರು ಚೆಲ್ಲುವುದಿಲ್ಲ, ಒತ್ತಡ ಏರುತ್ತದೆ.

ಮುಚ್ಚಿದ ಕೊಳವೆಯಲ್ಲಿ ಒತ್ತಡ ಏರಿದರೆ ಅಪಾಯ ಎಂಬುದು ನಮ್ಮ ಊರಿನ ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯಿಂದಲೂ 1651ರಲ್ಲಿ ಕಟ್ಟಿದ ಬೇಗಂ ತಲಾಬದಿಂದಲೂ ನೆಲದೊಳಗೆ ಕೊಳವೆ ಹಾಕಿ ನಗರಕ್ಕೆ ನೀರು ತರುತ್ತಿದ್ದರು. ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆಗಳು ಒಡೆಯಬಾರದೆಂದು ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಗೋಪುರಗಳನ್ನು ಕಟ್ಟಿದರು. ಇವೇ ಗಂಜ್‌ಗಳು. ನೀರು ಗೋಪುರದೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು ಮುಂದೆ ಸಾಗುತ್ತಿತ್ತು. ಕಣ್ಣಿನಲ್ಲಿ ಇಂಥ ಗಂಜ್ ಇಲ್ಲ. ಜರಡಿ ಕಟ್ಟಿಕೊಂಡರೆ ಒತ್ತಡವನ್ನು ಕಣ್ಣೇ ತಡೆದುಕೊಳ್ಳಬೇಕು.

ದೃಷ್ಟಿನರಕ್ಕೆ ಪೆಟ್ಟು

ಕಣ್ಣಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರಿನಷ್ಟಿರುತ್ತದೆ. ಅದು ಏರಿದರೆ ಪೆಟ್ಟು ಬೀಳುವುದು ಕಣ್ಣಿನ ಹಿಂಭಾಗದ ದೃಷ್ಟಿನರಕ್ಕೆ. ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಈ ನರದಲ್ಲಿ ಸುಮಾರು 10 ಲಕ್ಷ ತೆಳು ಎಳೆಗಳಿವೆ. ಅವು ಒಂದೊಂದಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಬೆಳೆಯುವುದಿಲ್ಲ. ಕೆಲವರ ನರ ಸಾಮಾನ್ಯ ಒತ್ತಡಕ್ಕೂ ಹಾಳಾಗುತ್ತದೆ. ಆದ್ದರಿಂದ ವೈದ್ಯರು ಒತ್ತಡ ಅಳೆದು ಸುಮ್ಮನಾಗುವುದಿಲ್ಲ, ನರವನ್ನೂ ನೋಡುತ್ತಾರೆ.

ಸಾಮಾನ್ಯವಾಗಿ ಮೊದಲು ಹೋಗುವುದು ಪಕ್ಕದ ನೋಟ. ಪರೀಕ್ಷಿಸಿ ನೋಡಿ: ಎದುರಿನ ಗೋಡೆಯ ಒಂದು ಚುಕ್ಕೆಯನ್ನೇ ನೋಡುತ್ತಾ ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಬೆರಳಾಡಿಸಿ. ಕಣ್ಣು ತಿರುಗಿಸದೆಯೇ ಬೆರಳಾಡುವುದು ತಿಳಿಯುತ್ತದೆಯಲ್ಲವೇ? ನನ್ನ ಅಜ್ಜ ಕಳೆದುಕೊಂಡದ್ದು ಇದನ್ನೇ. ನಡುವಿನ ನೋಟ ಚೆನ್ನಾಗಿದ್ದುದರಿಂದ ಬೋರ್ಡು ಓದುತ್ತಿದ್ದರು, ಟಾಂಗಾ ಕಾಣುತ್ತಿರಲಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಬಹಳಷ್ಟು ಮುಚ್ಚುವುದರಿಂದ ರೋಗಿಗೇ ಅದು ಬೇಗ ಗೊತ್ತಾಗುವುದಿಲ್ಲ.

ಇನ್ನೊಂದು ಬಗೆಯ ಗ್ಲಾಕೋಮಾದಲ್ಲಿ ಐರಿಸ್ ಮುಂದಕ್ಕೆ ಬಾಗಿ ಜರಡಿಯ ಮೂಲೆಯನ್ನೇ ಮುಚ್ಚುತ್ತದೆ. ಆಗ ಒತ್ತಡ ಒಮ್ಮೆಲೇ ಏರಬಹುದು. ಕಣ್ಣು ಕೆಂಪಾಗಿ ವಿಪರೀತ ನೋವು, ತಲೆನೋವು, ವಾಂತಿ ಬರುತ್ತವೆ. ದೀಪದ ಸುತ್ತ ಬಣ್ಣದ ಉಂಗುರ ಕಾಣುತ್ತದೆ. ಇಂಥವರನ್ನು ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ ಹೇಗೆ?

ಬಾಟಲಿಯ ಪ್ರಯೋಗಕ್ಕೆ ಮರಳೋಣ. ನೀರಿನ ಮಟ್ಟ ಇಳಿಸಲು ಏನೇನು ಮಾಡಬಹುದು? ಒಂದು, ಮೇಲಿನ ಧಾರೆಯನ್ನು ಸಣ್ಣದು ಮಾಡಬಹುದು. ಎರಡು, ಹೊರದಾರಿಯನ್ನು ಸರಿಮಾಡಬಹುದು ಅಥವಾ ಹೊಸದಾರಿ ತೆಗೆಯಬಹುದು. ವೈದ್ಯರು ಮಾಡುವುದೂ ಇಷ್ಟನ್ನೇ.

ಕೆಲವು ಔಷಧದ ಹನಿಗಳು ಜಲರಸದ ಉತ್ಪತ್ತಿಯನ್ನು ತಗ್ಗಿಸುತ್ತವೆ. ಬೇರೆ ಕೆಲವು ಅದು ಹೊರಹೋಗಲು ನೆರವಾಗುತ್ತವೆ. ಲೇಸರ್ ಕಿರಣದಿಂದ ಜರಡಿಯ ಹರಿವನ್ನು ಸುಧಾರಿಸಬಹುದು. ಮೂಲೆ ಮುಚ್ಚಿದ್ದರೆ ಐರಿಸ್‌ನಲ್ಲಿ ಸಣ್ಣ ತೂತು ಮಾಡಿ ನೀರಿಗೆ ದಾರಿ ಕೊಡಬಹುದು. ಇವು ಸಾಲದಿದ್ದರೆ ಶಸ್ತ್ರಚಿಕಿತ್ಸೆಯಿಂದ ಹೊಸ ಕಿರುದಾರಿ ಮಾಡುತ್ತಾರೆ. ಆಗ ನೀರು ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪೊರೆಯ ಅಡಿಗೆ ಇಳಿದು ಇಂಗುತ್ತದೆ.

ಪೊರೆಯೇ ಬೇರೆ, ಗ್ಲಾಕೋಮಾವೇ ಬೇರೆ

ಆಗ ವಿಜಯಪುರ ಜಿಲ್ಲೆಯಲ್ಲಿದ್ದ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರು ಕೇಳಿದ್ದೀರಾ? 2005ರಲ್ಲಿ ತೀರಿಕೊಂಡ ಅವರು ಊರೂರಿಗೆ ಹೋಗಿ ಶಿಬಿರ ನಡೆಸಿ, ಪೊರೆ ತೆಗೆದು ಅಸಂಖ್ಯ ಜನರಿಗೆ ಮತ್ತೆ ಬೆಳಕು ಕಾಣಿಸಿದರು. ಪೊರೆ ಎಂದರೆ ಮಸೂರ ಮಬ್ಬಾಗುವುದು. ಮಬ್ಬಾದ ಮಸೂರವನ್ನು ತೆಗೆದರೆ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಹಾಳಾಗುವುದು ನರ. ಹೋದ ದೃಷ್ಟಿ ಯಾವ ಚಿಕಿತ್ಸೆಯಿಂದಲೂ ಬಾರದು, ಉಳಿದದ್ದನ್ನು ಕಾಪಾಡಿಕೊಳ್ಳಬಹುದಷ್ಟೇ. ಅದಕ್ಕೇ “ಬಲೀಲಿ” ಎಂದು ಕಾಯುವುದು ಅಪಾಯ.

ನೀವೇನು ಮಾಡಬಹುದು?

• ಮನೆಯಲ್ಲಿ 40 ದಾಟಿದವರಿಗೆ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಕಣ್ಣಿನ ವೈದ್ಯರು ಎಲ್ಲಿ ಸಿಗುತ್ತಾರೆಂದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಬಹುದು.

• ಅಜ್ಜ, ಅಜ್ಜಿ ಪಕ್ಕದ ವಸ್ತುಗಳಿಗೆ ಪದೇ ಪದೇ ಎಡವುತ್ತಿದ್ದರೆ ದೊಡ್ಡವರ ಗಮನಕ್ಕೆ ತನ್ನಿ.

• ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

• ಕಣ್ಣು ಕೆಂಪಾಯಿತೆಂದು ವೈದ್ಯರನ್ನು ಕೇಳದೆ ಅಂಗಡಿಯ ಹನಿ ಹಾಕಬೇಡಿ. ಸ್ಟೀರಾಯ್ಡ್ ಇರುವ ಹನಿಗಳನ್ನು ಬಹಳ ದಿನ ಹಾಕಿದರೆ ಒತ್ತಡ ಏರಬಹುದು.

• ವೈದ್ಯರು ಕೊಟ್ಟ ಹನಿಯನ್ನು ಹಿರಿಯರು ಮರೆಯದಂತೆ ನೆನಪಿಸಿ.

ಈ ಕೊನೆಯ ಕೆಲಸ ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ ಅಜ್ಜನ ಕಣ್ಣಿಗೆ ಹನಿ ಹಾಕುತ್ತಿದ್ದೆ. “ಈಗೇನ್ ನೋವಿಲ್ಲ, ಬಿಡು” ಎಂದರೂ ಬಿಡುತ್ತಿರಲಿಲ್ಲ. ಎಡಗಣ್ಣಿನ ದೃಷ್ಟಿ ಮರಳಲಿಲ್ಲ. ಬಲಗಣ್ಣು ಉಳಿಯಿತು. ನಾನು ಕಾಲೇಜಿಗೆ ಸೇರಿದ ವರ್ಷ ನನ್ನ ಅಂಕಪಟ್ಟಿಯನ್ನು ಅಜ್ಜ ತಾವೇ ಹಿಡಿದು ಓದಿದರು.

ಯೋಚಿಸಿ ಉತ್ತರಿಸಿ

1. ಜಲರಸಕ್ಕೂ ಕಣ್ಣೀರಿಗೂ ಇರುವ ವ್ಯತ್ಯಾಸವೇನು?

2. ಕಣ್ಣಿನ ಒತ್ತಡ ತಗ್ಗಿಸುವ ಎರಡು ಮಾರ್ಗಗಳಾವುವು?

3. ಪೊರೆ ತೆಗೆದರೆ ದೃಷ್ಟಿ ಮರಳುತ್ತದೆ, ಗ್ಲಾಕೋಮಾದಲ್ಲಿ ಮರಳುವುದಿಲ್ಲ. ಏಕೆ?

4. ನಿಮ್ಮ ಮನೆಯಲ್ಲಿ 40 ದಾಟಿದವರು ಎಷ್ಟು ಜನ? ಅವರಲ್ಲಿ ಕಣ್ಣಿನ ಒತ್ತಡ ಅಳೆಸಿದವರು ಎಷ್ಟು? ಪಟ್ಟಿ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.