ಮಧ್ಯರಾತ್ರಿ ತೆರೆಯುವ ಬ್ಯಾಗ್

ಪ್ರಶ್ನೆ: ಕೆಲಸದ ಮೇಲೆ ಆಗಾಗ ಮಂಗಳೂರಿನಿಂದ ದೆಹಲಿಗೆ ಹೋಗುತ್ತೇನೆ. ಕಳೆದ ವರ್ಷ ವಿಮಾನ ನಿಲ್ದಾಣದ ತಪಾಸಣೆ ಟ್ರೇಯಲ್ಲಿ ಹಾರ್ಡ್ ಡಿಸ್ಕ್ ಬಿಟ್ಟುಬಂದೆ. ಏಳು ವರ್ಷದ ಕೆಲಸ ಅದರಲ್ಲಿತ್ತು. ಆಮೇಲೆ ಮೂರು ಬ್ಯಾಗ್ ಕೊಂಡೆ. ಆದರೂ ಹೊರಡುವ ಹಿಂದಿನ ರಾತ್ರಿ ಎದ್ದೆದ್ದು ಜಿಪ್ಪು ತೆರೆದು ನೋಡುತ್ತೇನೆ. ಮನೆಯವರು ನಗುತ್ತಾರೆ. ಯಾವ ಬ್ಯಾಗ್ ಕೊಳ್ಳಲಿ?

ಉತ್ತರ: ಏಳು ವರ್ಷದ ದುಡಿಮೆ ಕಳೆದುಕೊಂಡವರಿಗೆ ನಿದ್ದೆ ಹಾರುವುದು ಸಹಜ. ಅದರ ಜೊತೆಗೆ ‘ನಾನು ಜಾಗ್ರತೆಯವಳು’ ಎಂಬ ನಂಬಿಕೆಯೂ ಹೋಯಿತಲ್ಲ, ಮೂರು ಬ್ಯಾಗ್‌ಗಳಲ್ಲಿ ನೀವು ಹುಡುಕಿದ್ದು ಅದನ್ನೇ ಇರಬೇಕು. ಆದರೆ ತಪಾಸಣೆಯ ಸಾಲಿನಲ್ಲಿ, ಹಿಂದಿನವರ ಅವಸರದ ನಡುವೆ, ಸಾಮಾನೆಲ್ಲ ಬಿಡಿಬಿಡಿಯಾಗಿ ಹರಡಿದರೆ ಯಾರ ಕೈಯಿಂದಲೂ ಒಂದು ತಪ್ಪಿಹೋಗುತ್ತದೆ.

ಹಾಗಾಗಿ ಜೇಬುಗಳು ಹೆಚ್ಚಿರುವ ಬ್ಯಾಗ್ ನಿಮಗೆ ಬೇಡ. ಜೇಬು ಹೆಚ್ಚಿದಷ್ಟೂ ತಡಕಾಟ ಹೆಚ್ಚು. ಒಗ್ಗರಣೆ ಡಬ್ಬಿ ನೆನಪಿಸಿಕೊಳ್ಳಿ: ಕರೆಂಟು ಹೋದರೂ ಕೈ ನೇರ ಸಾಸಿವೆಗೇ ಹೋಗುತ್ತದೆ, ಬಟ್ಟಲುಗಳ ಜಾಗ ಎಂದೂ ಬದಲಾಗದ್ದರಿಂದ.

ಅಂಗಡಿಗೆ ನಿಮ್ಮ ಸಾಮಾನು ಒಯ್ದು, ತುಂಬಿಸಿ, ಹೊತ್ತು ನೋಡಿ. ಲ್ಯಾಪ್‌ಟಾಪ್ ಬೆನ್ನಿಗೆ ಹತ್ತಿರವಿದ್ದರೆ ಭುಜಕ್ಕೆ ಹಗುರ. ಅದರ ಖಾನೆಯ ತಳ ಬ್ಯಾಗಿನ ತಳಕ್ಕಿಂತ ಎರಡು ಬೆರಳಾದರೂ ಮೇಲಿರಲಿ. ಇಲ್ಲದಿದ್ದರೆ ನೆಲಕ್ಕಿಟ್ಟಾಗಲೆಲ್ಲ ಪೆಟ್ಟು ಲ್ಯಾಪ್‌ಟಾಪಿಗೇ. ಒಳಬಟ್ಟೆ ತಿಳಿ ಬಣ್ಣದ್ದಾದರೆ ಕಪ್ಪು ವೈರು ಕಣ್ಣಿಗೆ ಬೀಳುತ್ತದೆ. ಚಾರ್ಜರ್, ವೈರು, ಡಿಸ್ಕ್, ಪವರ್ ಬ್ಯಾಂಕ್ ಎಲ್ಲ ಒಂದೇ ಪೌಚ್‌ನಲ್ಲಿರಲಿ. ಪವರ್ ಬ್ಯಾಂಕನ್ನು ಚೆಕ್‌-ಇನ್ ಲಗೇಜಿಗೆ ಹಾಕುವಂತಿಲ್ಲ, ಜೊತೆಗೇ ಒಯ್ಯಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್‌-ಅವರ್, 100ರ ಮಿತಿಯೊಳಗೇ ಇದೆ. ತಪಾಸಣೆಯಲ್ಲಿ ಬಿಡಿಸಿಡಲು ಹೇಳಿದರೆ ಖಾಲಿ ಪೌಚನ್ನು ಕೈಯಲ್ಲೇ ಹಿಡಿದುಕೊಳ್ಳಿ. ಅದು ತುಂಬುವವರೆಗೆ ಅಲ್ಲಿಂದ ಕದಲಬೇಡಿ.

ಇನ್ನೊಂದು ಮಾತು, ನನ್ನ ಮಟ್ಟಿಗೆ ಬ್ಯಾಗಿಗಿಂತ ಮುಖ್ಯವಾದದ್ದು: ಡಿಸ್ಕ್‌ನ ಒಂದು ನಕಲು ಮನೆಯ ಕಪಾಟಿನಲ್ಲಿರಲಿ. ಆಗ ಕಳೆದರೂ ಹೋಗುವುದು ಬರೀ ಡಬ್ಬಿ. ರಾತ್ರಿ ಒಂದೊಂದನ್ನೂ ಹೆಸರು ಹೇಳಿ ತುಂಬಿಸಿ, ಜಿಪ್ಪು ಎಳೆದು, ಬ್ಯಾಗನ್ನು ಬಾಗಿಲ ಬಳಿ ಇಟ್ಟುಬಿಡಿ. ಎಚ್ಚರವಾದರೆ ನೀರು ಕುಡಿದು ಮಲಗಿ. ಮೊದಲ ಕೆಲವು ರಾತ್ರಿ ಕಷ್ಟವಾಗುತ್ತದೆ, ತಡೆದುಕೊಳ್ಳಿ.

ಬಾಗಿಲ ಚಿಲಕ, ಗ್ಯಾಸನ್ನೂ ಹೀಗೇ ಮತ್ತೆ ಮತ್ತೆ ನೋಡುತ್ತಿದ್ದರೆ, ನಿದ್ದೆ ಕೆಡುತ್ತಲೇ ಇದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆ ಡಿಸ್ಕ್‌ನಲ್ಲಿ ಏನೇನಿತ್ತೆಂದು ಮನೆಯವರಿಗೆ ಒಮ್ಮೆಯಾದರೂ ಕೂತು ಹೇಳಿದ್ದೀರಾ? ಈ ವಾರ ಹೇಳಿ.