ಒಳಗೇ ಉಳಿದ ಉಸಿರು

ಪ್ರಶ್ನೆ: ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ತೊಟ್ಟಿ ಸಿಡಿದ ಮೇಲೂ ಮೂವರು ಬದುಕಿ ಬಂದರಂತೆ. ಆಮ್ಲಜನಕವೇ ಇಲ್ಲದೆ ಅದು ಹೇಗೆ ಡಾಕ್ಟರೇ? ಮಗ ಕೇಳುತ್ತಿದ್ದಾನೆ.
– ಗೃಹಿಣಿ, ಹಾಸನ

ಉತ್ತರ: ಇಲ್ಲವೆಂದು ಯಾರು ಹೇಳಿದರು? 1970ರ ಏಪ್ರಿಲ್‌ನಲ್ಲಿ ಅವರು ಆಸರೆ ಪಡೆದ ಚಂದ್ರನೌಕೆಯಲ್ಲಿ ಆಮ್ಲಜನಕ ಬೇಕಾದಷ್ಟಿತ್ತು. ಕೊಲ್ಲಲು ಹೊರಟದ್ದು ಅವರೇ ಬಿಟ್ಟ ಉಸಿರು. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಹಾಕುತ್ತಾನೆ. ಅದನ್ನು ಹೀರುವ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳಿದ್ದದ್ದು ಇಬ್ಬರಿಗೆ, ಸುಮಾರು ಎರಡು ದಿನಕ್ಕೆ. ಇದ್ದವರು ಮೂವರು, ಕಳೆಯಬೇಕಾದದ್ದು ನಾಲ್ಕು ದಿನದ ಹತ್ತಿರ. ಮುಖ್ಯನೌಕೆಯ ಡಬ್ಬಿಗಳು ಚೌಕ, ಇಲ್ಲಿಯ ಕಿಂಡಿ ದುಂಡು! ನೆಲದ ಮೇಲಿನ ಎಂಜಿನಿಯರುಗಳು ಹೇಳಿಕೊಟ್ಟಂತೆ ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಸೇರಿಸಿ ಹೊಂದಿಸಿಕೊಂಡರು. ಡೈಆಕ್ಸೈಡ್ ಇಳಿಯಿತು.

ಪ್ರಶ್ನೆ: ತಂದೆಗೆ 68. ಬೀಡಿಯಿಂದ ಸಿಒಪಿಡಿ, ಅಂದರೆ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಮನೆಯಲ್ಲೇ ಆಮ್ಲಜನಕ ಕೊಡುತ್ತೇವೆ. ಡಾಕ್ಟರು 2 ಲೀಟರ್ ಅಂದಿದ್ದರು, ಒಳ್ಳೆಯದಾಗಲಿ ಅಂತ 4 ಇಟ್ಟಿದ್ದೇವೆ. ಆಕ್ಸಿಮೀಟರ್ 98 ತೋರಿಸುತ್ತದೆ. ಆದರೂ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಇನ್ನೂ ಏರಿಸೋಣವೇ?
– ಚಿತ್ರದುರ್ಗ

ಉತ್ತರ: ಖಂಡಿತ ಬೇಡ. ಆಮ್ಲಜನಕ ಎಂದರೆ ಟಾನಿಕ್, ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ಈ ನಂಬಿಕೆ ಕೇಳಿ ಕೇಳಿ ನನಗೆ ಸಾಕಾಗಿದೆ. ಮೇಲಿನ ಉತ್ತರ ಓದಿದಿರಲ್ಲ? ನಿಮ್ಮ ತಂದೆಯ ಎದೆಯೊಳಗೂ ಅದೇ ಆಗುತ್ತಿರಬಹುದು. ಇಂಥ ರೋಗಿಗಳಲ್ಲಿ ಆಮ್ಲಜನಕ ಅತಿಯಾದರೆ ಡೈಆಕ್ಸೈಡ್ ರಕ್ತದಲ್ಲೇ ಉಳಿದು, ಮಂಪರು ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ನಿಮ್ಮ ಆಕ್ಸಿಮೀಟರ್‌ಗೆ ಡೈಆಕ್ಸೈಡ್ ಕಾಣುವುದೇ ಇಲ್ಲ. ಅವರಿಗೆ ಸಾಮಾನ್ಯವಾಗಿ 88ರಿಂದ 92 ಸಾಕು. 98 ನೋಡಿ ಹಿಗ್ಗಬೇಡಿ.

ಇವತ್ತೇ ಆಸ್ಪತ್ರೆಗೆ ಕರೆದೊಯ್ದು ಎಬಿಜಿ, ಅಂದರೆ ಅಪಧಮನಿಯ ರಕ್ತದ ಪರೀಕ್ಷೆ ಮಾಡಿಸಿ. ಗಾಬರಿಯಲ್ಲಿ ಯಂತ್ರವನ್ನೇ ನಿಲ್ಲಿಸಿಬಿಡಬೇಡಿ, ಅದೂ ಅಪಾಯ. ಸಕಾಲಕ್ಕೆ ಹೋದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಅಂದಹಾಗೆ, ಆ ಕೋಣೆಯಲ್ಲಿ ಬೀಡಿ, ಊದುಬತ್ತಿ, ದೀಪ ಯಾವುದೂ ಬೇಡ. 1967ರಲ್ಲಿ ಶುದ್ಧ ಆಮ್ಲಜನಕ ತುಂಬಿದ ಅಪೊಲೊ 1ರ ಕ್ಯಾಬಿನ್‌ಗೆ ಬೆಂಕಿ ಹತ್ತಿ ಮೂವರು ನೆಲದ ಮೇಲೇ ಸತ್ತರು.

ಪ್ರಶ್ನೆ: ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲ, ಹಗಲು ನೀರು ಕುಡಿಯುವುದಿಲ್ಲ. ಈಗ ಉರಿಮೂತ್ರ.
– ಶಿಕ್ಷಕಿ, ಗದಗ

ಉತ್ತರ: ಅಪೊಲೊ 13ರಲ್ಲಿ ನೀರು ಉಳಿಸಲು ದಿನಕ್ಕೆ ತಲಾ 200 ಮಿ.ಲೀ. ಆಸುಪಾಸಿನಲ್ಲೇ ಸುಧಾರಿಸಿದರು. ಆ ಮೂವರಲ್ಲೊಬ್ಬರಾದ ಫ್ರೆಡ್ ಹೇಸ್ ಮೂತ್ರದ ಸೋಂಕು ಹತ್ತಿಸಿಕೊಂಡು ಜ್ವರದಲ್ಲಿ ನಡುಗುತ್ತ ಇಳಿದರು. ಅವರಿಗೆ ಬೇರೆ ದಾರಿ ಇರಲಿಲ್ಲ, ನಿಮಗಿದೆ. ಮೆಡಿಕಲ್ ಶಾಪಿನ ಮಾತ್ರೆ ನುಂಗುವ ಮೊದಲು ಮೂತ್ರದ ಪರೀಕ್ಷೆ, ಕಲ್ಚರ್ ಮಾಡಿಸಿ. ಸಕ್ಕರೆಯನ್ನೂ ನೋಡಿಸಿ. ಚಳಿಜ್ವರ, ಪಕ್ಕೆನೋವು ಬಂದರೆ ವರದಿಗೆ ಕಾಯಬೇಡಿ, ಕೂಡಲೇ ವೈದ್ಯರ ಬಳಿ ಹೋಗಿ.