ಹಣ್ಣಿನ ಪ್ರಚಾರಕ್ಕೆ ಕಡ್ಡಾಯ ವಂತಿಗೆ: ಒಂದು ಅಧ್ಯಯನ

ಬೆಳೆಯ ಪ್ರಚಾರ ಹಾಗೂ ಸಂಶೋಧನೆಯ ಫಲ ಎಲ್ಲ ಬೆಳೆಗಾರರಿಗೂ ದೊರೆಯುತ್ತದೆ. ವಂತಿಗೆ ಐಚ್ಛಿಕವಾದಲ್ಲಿ ವೆಚ್ಚ ಮಾತ್ರ ಕೆಲವರ ಮೇಲೆಯೇ ಬೀಳುತ್ತದೆ. ಅಮೆರಿಕದಲ್ಲಿ 2000ನೇ ಇಸವಿಯ ಕಾಯಿದೆಯನ್ವಯ 2002ರಲ್ಲಿ ಸ್ಥಾಪಿತವಾದ ಹಾಸ್ ಆವಕಾಡೊ ಮಂಡಳಿಗಾಗಿ, ಬೆಣ್ಣೆಹಣ್ಣಿನ ಪ್ರತಿ ಪೌಂಡಿಗೆ 2.5 ಸೆಂಟ್ ಕಡ್ಡಾಯ ವಂತಿಗೆಯನ್ನು ದೇಶೀಯ ಬೆಳೆಗಾರರಿಗೂ ಆಮದುದಾರರಿಗೂ ಸಮಾನವಾಗಿ ವಿಧಿಸಲಾಯಿತು.

ಉದಾಹರಣೆಗೆ, 40,000 ಪೌಂಡ್ ಹಣ್ಣಿಗೆ ವಂತಿಗೆ 1,000 ಡಾಲರ್. ಕ್ಯಾಲಿಫೋರ್ನಿಯಾದ ಹಣ್ಣಾದರೆ ಇದರ ಶೇ. 85, ಅಂದರೆ 850 ಡಾಲರ್, ಆ ರಾಜ್ಯದ ಆವಕಾಡೊ ಆಯೋಗಕ್ಕೆ ಸಲ್ಲುತ್ತದೆ; 150 ಡಾಲರ್ ಮಂಡಳಿಯಲ್ಲಿ ಉಳಿಯುತ್ತದೆ. ಆಮದುದಾರರ ಸಂಘಗಳಿಗೂ ಇಂತಹುದೇ ಪಾಲುಂಟು.

ಕಡ್ಡಾಯಕ್ಕೆ ಮಿತಿಯೂ ಇದೆ. ವಾಷಿಂಗ್ಟನ್ ಸೇಬು ಆಯೋಗದ ಕಡ್ಡಾಯ ವಂತಿಗೆಯು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2003ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆಯೋಗವು ದೇಶೀಯ ಪ್ರಚಾರವನ್ನು ಕೈಬಿಡಬೇಕಾಯಿತು. ವಂತಿಗೆ ತೆರುವವರ ಸಮ್ಮತಿಯನ್ನು ಉಳಿಸಿಕೊಳ್ಳುವುದೇ ಇಂತಹ ಸಂಸ್ಥೆಗಳ ನಿಜವಾದ ಮೂಲಧನ.